ಗಿಟಾರಿನ ಬೆನ್ನಿನಲ್ಲಿರುವ ಲೋಹದ ತುಂಡು

ಎಲೆಕ್ಟ್ರಿಕ್ ಗಿಟಾರನ್ನು ಎಲ್ಲರೂ ಮುಂದಿನಿಂದಲೇ ನೋಡುತ್ತಾರೆ. ಒಮ್ಮೆ ತಿರುಗಿಸಿ ನೋಡಿ. ಅದು ಸ್ಟ್ರಾಟೋಕ್ಯಾಸ್ಟರ್ ಮಾದರಿಯದಾದರೆ ಬೆನ್ನಿನ ಮೇಲೆ ಒಂದು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದರೆ ಮರವನ್ನು ಕೊರೆದು ಮಾಡಿದ ಗೂಡು ಕಾಣುತ್ತದೆ. ಅದರೊಳಗೆ ಬಿಗಿಯಾಗಿ ಎಳೆದು ಕಟ್ಟಿದ ಮೂರೋ ಐದೋ ಸ್ಪ್ರಿಂಗುಗಳು, ಆ ಸ್ಪ್ರಿಂಗುಗಳ ತುದಿ ಸಿಕ್ಕಿಕೊಂಡಿರುವ ಒಂದು ಲೋಹದ ತುಂಡು. ಉದ್ದ ಸುಮಾರು ಏಳೂವರೆ ಸೆಂಟಿಮೀಟರ್, ದಪ್ಪ ಒಂದು ಬೆರಳಿನಷ್ಟು. ಆರೂ ತಂತಿಗಳು ಈ ತುಂಡಿನ ಕೆಳಗಿನ ರಂಧ್ರಗಳಿಂದ ಹೊಕ್ಕು ಮೇಲೆ ಬರುತ್ತವೆ. ತಂತಿಯ ತುದಿಯಲ್ಲಿರುವ ಹಿತ್ತಾಳೆಯ ಪುಟ್ಟ ಗುಂಡು ಇದರೊಳಗೇ ಸಿಕ್ಕಿ ನಿಲ್ಲುತ್ತದೆ. ಇದಕ್ಕೆ ಟ್ರೆಮೊಲೊ ಬ್ಲಾಕ್ ಎಂದು ಹೆಸರು.

ನಮ್ಮ ಕಾಲೇಜಿನಲ್ಲಿ ಗಿಟಾರ್ ಇರುವವರೆಲ್ಲ ಒಂದೇ ಬೆಂಚಿನಲ್ಲಿ ಕೂರಬಹುದು, ಅಷ್ಟೇ ಜನ. ಆದರೂ ಕಳೆದ ವರ್ಷದಿಂದ ನಮ್ಮ ನಡುವೆ ಈ ತುಂಡಿನದೇ ಮಾತು. ಮೊಬೈಲ್ ತೆರೆದರೆ ಸಾಕು, "ಹಿತ್ತಾಳೆ ಬ್ಲಾಕ್ ಹಾಕಿಸಿ, ನಾದ ಬದಲಾಗುತ್ತದೆ" ಎಂಬ ಜಾಹೀರಾತು. ನಾನು ನೋಡಿದ ಒಂದರ ಬೆಲೆ 3,800 ರೂಪಾಯಿ, ಕೊರಿಯರ್ ಬೇರೆ. ನನ್ನ ಗಿಟಾರ್ ಸೆಕೆಂಡ್ ಹ್ಯಾಂಡ್, ಎರಡು ರಂಜಾನ್ ಸೀಸನ್ನಿನಲ್ಲಿ ರೆಡಿಮೇಡ್ ಬಟ್ಟೆ ಅಂಗಡಿಯಲ್ಲಿ ನಿಂತು ದುಡಿದ 7,500ಕ್ಕೆ ಕೊಂಡದ್ದು. ಗಿಟಾರಿನ ಅರ್ಧ ಬೆಲೆ ಒಳಗಿನ ಒಂದು ತುಂಡಿಗೆ! ಅಬ್ಬಾ ಮಂಡಿಪೇಟೆಯ ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಅವರಿಗೆ ವಿಷಯ ಹೇಳಿದಾಗ ಬೈಯಲಿಲ್ಲ. "ಕಣ್ಣಿಗೇ ಕಾಣದ ಸಾಮಾನಿಗೆ ಅಷ್ಟು ದುಡ್ಡು ಯಾಕೆ ಅಂತ ನೀನು ಕಾಗದದ ಮೇಲೆ ತೋರಿಸು, ಆಮೇಲೆ ನೋಡೋಣ" ಎಂದರು. 3,800 ಎಂದರೆ ನಮ್ಮ ಮನೆಯಲ್ಲಿ ಒಂದು ತಿಂಗಳ ಹಾಲು, ಗ್ಯಾಸು, ಕರೆಂಟು. ಹಾಗಾಗಿ ಕಾಗದದ ಮೇಲೆ ಬರೆಯಲು ಶುರು ಮಾಡಿದೆ. ಅದೇ ಬೆಳೆದು ಈ ಲೇಖನವಾಗಿದೆ.

ಸಂಗೀತ ಬೇಕೋ ಬೇಡವೋ ಎಂಬ ಚರ್ಚೆ ಈ ಪತ್ರಿಕೆ ಓದುವ ಹಲವರ ಮನೆಯಲ್ಲಿ ಇದೆ, ನಮ್ಮ ಮನೆಯಲ್ಲೂ ಇದೆ. ಅದನ್ನು ತೀರ್ಮಾನಿಸುವಷ್ಟು ನಾನು ದೊಡ್ಡವನಲ್ಲ. ಇಲ್ಲಿ ಬರೆದಿರುವುದು ಬಹುಮಟ್ಟಿಗೆ ಲೋಹದ ವಿಷಯ, ಉಳಿದದ್ದು ಲೆಕ್ಕದ ವಿಷಯ.

ಮೊದಲು ಈ ತುಂಡು ಏನು ಮಾಡುತ್ತದೆ ಎಂಬುದು. ಗಿಟಾರಿನ ಮುಂಭಾಗದಲ್ಲಿ ತಂತಿಗಳು ಕೂರುವ ಲೋಹದ ತಟ್ಟೆ ಇದೆಯಲ್ಲ, ಬ್ಲಾಕ್ ಅದರ ಅಡಿಗೆ ಮೂರು ಸ್ಕ್ರೂಗಳಿಂದ ಬಿಗಿದಿರುತ್ತದೆ. ತಟ್ಟೆ ಮರಕ್ಕೆ ಗಟ್ಟಿಯಾಗಿ ಅಂಟಿಕೊಂಡಿಲ್ಲ. ತನ್ನ ಮುಂದಿನ ಅಂಚಿನ ಮೇಲೆ ಬಾಗಿಲಿನ ಕೀಲಿನಂತೆ ಅಲುಗಾಡುತ್ತದೆ. ತೆಳು ತಂತಿಗಳ ಸಾಮಾನ್ಯ ಸೆಟ್ಟು, ಅಂದರೆ ಅಂಗಡಿಯಲ್ಲಿ ನಾವು "ಒಂಬತ್ತರ ಸೆಟ್" ಎಂದು ಕೇಳುವುದು, ಶ್ರುತಿ ಮಾಡಿದಾಗ ಆರೂ ತಂತಿ ಸೇರಿ ಸುಮಾರು 38 ಕಿಲೋ ಎಳೆತ ಹಾಕುತ್ತದೆ. ಅರ್ಧ ಮೂಟೆಗಿಂತ ಹೆಚ್ಚು! ಆ ಎಳೆತ ತಟ್ಟೆಯನ್ನು ಮೇಲೆ ಎಬ್ಬಿಸಲು ನೋಡುತ್ತದೆ, ಹಿಂದಿನ ಸ್ಪ್ರಿಂಗುಗಳು ಬ್ಲಾಕನ್ನು ಹಿಡಿದು ವಾಪಸ್ ಎಳೆಯುತ್ತವೆ. ಎರಡೂ ಕಡೆ ತಾಳೆಯಾದರೆ ಮಾತ್ರ ಶ್ರುತಿ ನಿಲ್ಲುತ್ತದೆ. ಕಾಮರ್ಸ್‌ನವರಿಗೆ ಇದು ಹೊಸದೇನಲ್ಲ, ತಾಳೆಪಟ್ಟಿಯ ಎರಡು ಬದಿ. ಕೈಯಲ್ಲಿ ಹಿಡಿಯುವ ಕಡ್ಡಿಯನ್ನು ಒತ್ತಿದರೆ ತಾಳೆ ತಪ್ಪುತ್ತದೆ, ತಂತಿ ಸಡಿಲಾಗಿ ಸ್ವರ ಕೆಳಗಿಳಿಯುತ್ತದೆ. ಬಿಟ್ಟರೆ ಸ್ಪ್ರಿಂಗು ಅದನ್ನು ಮೊದಲಿನ ಜಾಗಕ್ಕೆ ತರುತ್ತದೆ.

ಅಂದಹಾಗೆ ಟ್ರೆಮೊಲೊ ಎಂಬ ಹೆಸರೇ ಸರಿಯಿಲ್ಲ. ಟ್ರೆಮೊಲೊ ಎಂದರೆ ಶಬ್ದದ ಜೋರು ಏರಿಳಿಯುವುದು. ಸ್ವರವೇ ಏರಿಳಿದರೆ ಅದು ವೈಬ್ರಾಟೊ. ಈ ಸಾಧನ ಮಾಡುವುದು ಎರಡನೆಯದನ್ನು. 1954ರಲ್ಲಿ ಪೇಟೆಂಟ್ ಅರ್ಜಿಯಲ್ಲೇ ಟ್ರೆಮೊಲೊ ಎಂದು ಬರೆದರು, 1956ರಲ್ಲಿ ಪೇಟೆಂಟ್ ಸಿಕ್ಕಿತು, ಹೆಸರು ಹಾಗೇ ಉಳಿಯಿತು.

ಆ ಅರ್ಜಿ ಹಾಕಿದವರು ಲಿಯೋ ಫೆಂಡರ್. ಇವರ ಬಗ್ಗೆ ಓದಿದಾಗ ನನಗೆ ತುಂಬಾ ಸಂತೋಷವಾಯಿತು, ಕಾರಣ ಹೇಳುತ್ತೇನೆ. ಜಗತ್ತಿನ ಅತಿ ಪ್ರಸಿದ್ಧ ಗಿಟಾರನ್ನು ರೂಪಿಸಿದ ಈ ಮನುಷ್ಯನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಅವರು ಕಾಲೇಜಿನಲ್ಲಿ ಓದಿದ್ದು ಲೆಕ್ಕಶಾಸ್ತ್ರ! ಕೆಲವು ವರ್ಷ ಲೆಕ್ಕ ಬರೆಯುವ ಕೆಲಸವನ್ನೇ ಮಾಡಿದರು. 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟರು. ರೇಡಿಯೋದಿಂದ ಆಂಪ್ಲಿಫೈಯರ್, ಅಲ್ಲಿಂದ ಗಿಟಾರ್. ಕಾಮರ್ಸ್ ತೆಗೆದುಕೊಂಡರೆ ಬ್ಯಾಂಕು ಇಲ್ಲವೇ ಅಂಗಡಿ ಎನ್ನುವವರಿಗೆ ಈ ಹೆಸರು ಹೇಳಬಹುದು.

ಬ್ಲಾಕ್ ಹುಟ್ಟಿದ್ದು ಒಂದು ನಷ್ಟದಿಂದ. ಸ್ಟ್ರಾಟೋಕ್ಯಾಸ್ಟರಿಗೆ ಮೊದಲು ಬೇರೆಯೇ ಒಂದು ವಿನ್ಯಾಸ ಮಾಡಿದ್ದರು. ಅದರಲ್ಲಿ ತಂತಿಗಳು ಸಣ್ಣ ರೋಲರುಗಳ ಮೇಲೆ ಹಾದು ಹಿಂದಿನ ಬೇರೊಂದು ಭಾಗಕ್ಕೆ ಹೋಗುತ್ತಿದ್ದವು. ಕೆಲಸ ಸಲೀಸಾಗಿತ್ತು, ಆದರೆ ನಾದ ತೆಳುವಾಗಿತ್ತು, ಬೇಗ ಸಾಯುತ್ತಿತ್ತು. ಅಷ್ಟರಲ್ಲಿ ತಯಾರಿಕೆಯ ಉಪಕರಣಗಳಿಗೆ ಹಣ ಸುರಿದಾಗಿತ್ತು. ಲಿಯೋ ಅದನ್ನೆಲ್ಲ ಬಿಟ್ಟು ಹೊಸದಾಗಿ ಶುರು ಮಾಡಿದರು. ಹೋದ ಹಣವನ್ನು ಮುಂದಿನ ತೀರ್ಮಾನಕ್ಕೆ ತರಬಾರದು ಎಂದು ನಮಗೆ ಹೇಳಿಕೊಡುವ ಸಂಕ್ ಕಾಸ್ಟ್ ಪಾಠ ಇದೇ. ಹೊಸ ವಿನ್ಯಾಸದಲ್ಲಿ ತಂತಿಗಳ ತುದಿಗೆ ಒಂದು ಭಾರವಾದ ಉಕ್ಕಿನ ತುಂಡು ಬಂತು. ಅದಕ್ಕೆ ಇನರ್ಷಿಯಾ ಬ್ಲಾಕ್ ಎಂಬ ಇನ್ನೊಂದು ಹೆಸರೂ ಇದೆ. ಇನರ್ಷಿಯಾ ಅಂದರೆ ಹೈಸ್ಕೂಲಿನಲ್ಲಿ ಓದಿದ ಜಡತ್ವ. ಜಡವಾಗಿರುವುದೇ ಇದರ ಕೆಲಸ.

1965ರಲ್ಲಿ ಸಿಬಿಎಸ್ ಎಂಬ ದೊಡ್ಡ ಕಂಪನಿ ಫೆಂಡರ್ ವ್ಯವಹಾರವನ್ನು 1 ಕೋಟಿ 30 ಲಕ್ಷ ಡಾಲರಿಗೆ ಕೊಂಡಿತು. 1971ರ ಕೊನೆಗೆ ಸ್ಟ್ರಾಟೋಕ್ಯಾಸ್ಟರಿನ ಉಕ್ಕಿನ ಬ್ಲಾಕ್ ಹೋಗಿ, ತಟ್ಟೆ ಮತ್ತು ಬ್ಲಾಕ್ ಎರಡನ್ನೂ ಸೇರಿಸಿ ಸತುವಿನ ಮಿಶ್ರಲೋಹದಲ್ಲಿ ಒಂದೇ ಎರಕವಾಗಿ ಹೊಯ್ದ ಭಾಗ ಬಂತು. ಸತು ಕಡಿಮೆ ಬೆಲೆಯದು, ಅದಕ್ಕೇ ಬದಲಾಯಿಸಿದರು ಎಂದು ಕೆಲವರು ಹೇಳುತ್ತಾರೆ. ನನ್ನ ಪ್ರಕಾರ ಅದು ಪೂರ್ತಿ ಸರಿಯಲ್ಲ, ಸತು ಉಕ್ಕಿಗಿಂತ ದುಬಾರಿಯೇ. ಉಳಿತಾಯ ಇದ್ದದ್ದು ಮಜೂರಿಯಲ್ಲಿ. ಉಕ್ಕಿನ ತುಂಡನ್ನು ಕತ್ತರಿಸಬೇಕು, ಆರು ಮುಖ ನಯ ಮಾಡಬೇಕು, ತಂತಿಗೆ ಆರು ರಂಧ್ರ, ಸ್ಪ್ರಿಂಗಿಗೆ ಐದು, ಸ್ಕ್ರೂಗೆ ಮೂರು, ಕಡ್ಡಿಗೆ ಒಂದು ಕೊರೆಯಬೇಕು, ಮೇಲೆ ಮರೆ ಹಾಕಬೇಕು. ಸತು 400 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕರಗುತ್ತದೆ. ಅಚ್ಚಿಗೆ ಒತ್ತಿ ಹೊಯ್ದರೆ ಬಹುಪಾಲು ರಂಧ್ರಗಳ ಸಮೇತ ತುಂಡು ಹೊರಬರುತ್ತದೆ. ಅಚ್ಚಿಗೆ ಒಮ್ಮೆ ದುಡ್ಡು, ಆಮೇಲೆ ಸಾವಿರಗಟ್ಟಲೆ ತುಂಡು. ಇಂದು ನಮ್ಮಂಥವರು ಕೊಳ್ಳುವ ಅಗ್ಗದ ಗಿಟಾರುಗಳ ಒಳಗೆ ಹೆಚ್ಚಾಗಿ ಇರುವುದು ಇದೇ ಸತುವಿನ ತುಂಡು, ಅದೂ ತೆಳ್ಳಗೆ ಮಾಡಿದ್ದು. ಗಿರಾಕಿ ಮುಚ್ಚಳ ಬಿಚ್ಚಿ ನೋಡುವುದಿಲ್ಲ ಎಂಬ ಧೈರ್ಯ.

ಈಗ ಮುಖ್ಯ ಪ್ರಶ್ನೆ. ಸದ್ದು ಮಾಡುವುದು ತಂತಿ. ಹಿಂದೆ ಕೂತ ತುಂಡು ಯಾವ ಲೋಹದ್ದಾದರೇನು?

ಮೀಟಿದ ತಂತಿಗೆ ನಾವು ಒಂದಿಷ್ಟು ಶಕ್ತಿ ಕೊಡುತ್ತೇವೆ. ತಂತಿ ಅದನ್ನು ಖರ್ಚು ಮಾಡುತ್ತಾ ಹೋಗುತ್ತದೆ. ಒಂದಿಷ್ಟು ಗಾಳಿಗೆ, ಒಂದಿಷ್ಟು ತಂತಿಯ ಒಳಗಿನ ಘರ್ಷಣೆಗೆ, ಉಳಿದದ್ದು ಎರಡು ತುದಿಗಳಲ್ಲಿ ಸೋರುತ್ತದೆ. ತುದಿ ಭಾರವಾಗಿ ಗಟ್ಟಿಯಾಗಿದ್ದರೆ ಕಂಪನ ಅಲ್ಲಿಗೆ ಬಡಿದು ಹಿಂದಕ್ಕೆ ಬರುತ್ತದೆ. ತುದಿ ಹಗುರವಾಗಿದ್ದರೆ ತಂತಿಯ ಜೊತೆ ಅದೂ ಅಲುಗುತ್ತದೆ, ಪ್ರತಿ ಅಲುಗಾಟಕ್ಕೂ ಸ್ವಲ್ಪ ಶಕ್ತಿ ಹೋಗುತ್ತದೆ. ದಪ್ಪ ತಂತಿ ಸೆಕೆಂಡಿಗೆ 82 ಸಲ, ತೆಳು ತಂತಿ ಸುಮಾರು 330 ಸಲ ಅಲುಗುತ್ತದೆ. ಹನಿ ಹನಿ ಸೋರಿದರೂ ಸೆಕೆಂಡಿನಲ್ಲಿ ಎಷ್ಟು ಹನಿ ಎಂದು ಲೆಕ್ಕ ಹಾಕಿ.

ತಂತಿ ಕೂರುವ ಈ ಜಾಗಕ್ಕೆ ಕನ್ನಡದಲ್ಲಿ ಕುದುರೆ ಎನ್ನುತ್ತಾರೆ. ವೀಣೆಗೂ ಕುದುರೆ, ತಂಬೂರಿಗೂ ಕುದುರೆ. ನಮ್ಮ ಮನೆಯ ಉರ್ದುವಿನಲ್ಲಿ ಸಿತಾರಿನ ಅದೇ ಭಾಗಕ್ಕೆ ಘೋಡಿ. ಎರಡು ಭಾಷೆಗಳೂ ಅದರ ಬೆನ್ನ ಮೇಲೆ ತಂತಿಯನ್ನು ಸವಾರಿ ಕೂರಿಸಿವೆ. ಆದರೆ ವೀಣೆಯ ಕುದುರೆಗೂ ಎಲೆಕ್ಟ್ರಿಕ್ ಗಿಟಾರಿನ ಕುದುರೆಗೂ ಕೆಲಸ ಉಲ್ಟಾ. ವೀಣೆಯ ಕುದುರೆ ತಂತಿಯ ಕಂಪನವನ್ನು ಕೆಳಗಿನ ಮರದ ಕೊಡಕ್ಕೆ ದಾಟಿಸಬೇಕು, ಕೊಡ ಅಲುಗಿದರೇ ನಮಗೆ ಕೇಳುವುದು. ಮರದ ಅಕೂಸ್ಟಿಕ್ ಗಿಟಾರಿನಲ್ಲೂ ಹಾಗೆಯೇ, ಅಲ್ಲಿ ಕುದುರೆ ಹಗುರ ಇರಬೇಕು. ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಯ ಕೆಳಗಿನ ಪಿಕಪ್, ಅಂದರೆ ಅಯಸ್ಕಾಂತದ ಸುತ್ತ ಸುತ್ತಿದ ತಾಮ್ರದ ಸುರುಳಿ, ತಂತಿಯ ಅಲುಗಾಟವನ್ನು ನೇರವಾಗಿ ಹಿಡಿಯುತ್ತದೆ. ಹಾಗಾಗಿ ಕಂಪನ ಮರಕ್ಕೆ ಹೋಗುವುದಕ್ಕಿಂತ ತಂತಿಯಲ್ಲೇ ಉಳಿದಷ್ಟು ಲಾಭ. ಇಲ್ಲಿ ಬೇಕಾಗಿರುವುದು ಅಲುಗದ ಕುದುರೆ.

ಇಷ್ಟನ್ನು ಭೌತಶಾಸ್ತ್ರದ ಪುಸ್ತಕದಿಂದ ಹೇಗೋ ಅರ್ಥ ಮಾಡಿಕೊಂಡೆ. ಲೋಹ ಲೋಹಕ್ಕೆ ವ್ಯತ್ಯಾಸ ಏನು ಎಂಬುದು ತಲೆಗೆ ಹೋದದ್ದು ಹರಿಹರದಲ್ಲಿ. ನಮ್ಮ ದೇವರಾಜ ಅರಸು ಬಡಾವಣೆಯಿಂದ ಬಸ್ಸು ಹಿಡಿದರೆ ಹದಿನಾಲ್ಕು ಕಿಲೋಮೀಟರಿನ ಆಸುಪಾಸು. ಅಲ್ಲಿ ನನ್ನ ನಾನಾ ಇದ್ದಾರೆ. ಅವರು ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. 1941ರಲ್ಲಿ ಹರಿಹರದಲ್ಲಿ ಶುರುವಾದ ಆ ಕಾರ್ಖಾನೆಯ ಲೇತ್ ಯಂತ್ರಗಳು ದೇಶದ ವರ್ಕ್‌ಶಾಪುಗಳಲ್ಲೆಲ್ಲ ಹೆಸರು ಮಾಡಿದ್ದವು. ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಎಂಬ ಹೆಸರು ಕೇಳಿದರೆ ಈಗಲೂ ಹಳೆಯ ಮೆಕ್ಯಾನಿಕ್ಕುಗಳ ಮುಖ ಅರಳುತ್ತದೆ. ಕಾರ್ಖಾನೆ ಮುಚ್ಚಿ ಎರಡು ದಶಕವೇ ಆಗಿದೆ, ಆದರೆ ಅಲ್ಲಿ ಕಲಿತ ಕೈಗಳು ಹರಿಹರದ ಸಣ್ಣ ಸಣ್ಣ ಶೆಡ್ಡುಗಳಲ್ಲಿ ಇನ್ನೂ ಕೆಲಸ ಮಾಡುತ್ತಿವೆ. ಮಾಮು ಅವರದೂ ಅಂಥ ಒಂದು ಶೆಡ್ಡು.

ನಾನು ಬ್ಲಾಕಿನ ಕಥೆ ಹೇಳಿದಾಗ ನಾನಾ ಎದ್ದು ಹೋಗಿ ಎರಡು ತುಂಡು ತಂದರು. ಒಂದು ಎಂಎಸ್ ಸರಳು, ಅಂದರೆ ಮೆದು ಉಕ್ಕು. ಇನ್ನೊಂದು ಬೀಡು ಕಬ್ಬಿಣ. ಎರಡನ್ನೂ ದಾರದಲ್ಲಿ ಕಟ್ಟಿ ನೇತುಹಾಕಿ ಸ್ಪ್ಯಾನರಿನಿಂದ ತಟ್ಟಿದರು. ಉಕ್ಕು ಠಣ್ಣ್ ಎಂದು ಎಷ್ಟೋ ಹೊತ್ತು ಹಾಡಿತು. ಬೀಡು ಠಪ್ ಎಂದು ಸುಮ್ಮನಾಯಿತು. ಬೀಡಿನ ಒಳಗೆ ಇಂಗಾಲ ಗ್ರಾಫೈಟಿನ ಸಣ್ಣ ಹಾಳೆಗಳಂತೆ ಹರಡಿರುತ್ತದೆ, ಕಂಪನ ಆ ಹಾಳೆಗಳಲ್ಲಿ ಸಿಕ್ಕಿ ಶಾಖವಾಗಿ ಮುಗಿದುಹೋಗುತ್ತದೆ. ಲೇತಿನ ಬೆಡ್ಡನ್ನು, ಅಂದರೆ ಉದ್ದನೆಯ ತಳವನ್ನು, ಬೀಡಿನಲ್ಲಿ ಹೊಯ್ಯಲು ಇದೂ ಒಂದು ಮುಖ್ಯ ಕಾರಣ. ಕೆಲಸ ನಡೆಯುವಾಗ ಯಂತ್ರ ನಡುಗಿದರೆ ತುಂಡಿನ ಮೇಲೆ ಗೆರೆ ಬೀಳುತ್ತದೆ, ಹಾಗಾಗಿ ನಡುಕವನ್ನು ನುಂಗುವ ಲೋಹ ಬೇಕು. "ನಲವತ್ತು ವರ್ಷ ನಾವು ಸದ್ದು ಸಾಯಿಸೋ ಕಬ್ಬಿಣ ಹುಡುಕಿದ್ವಿ, ನೀನು ಸದ್ದು ಬದುಕಿಸೋ ಕಬ್ಬಿಣ ಕೇಳ್ತಿದ್ದೀಯ" ಎಂದು ನಕ್ಕರು. ಇಡೀ ವಿಷಯವನ್ನು ಇದಕ್ಕಿಂತ ಚೆನ್ನಾಗಿ ನನಗೆ ಯಾರೂ ಹೇಳಿಲ್ಲ.

ಹಾಗಾದರೆ ನೋಡಬೇಕಾದದ್ದು ಮೂರು ಗುಣ: ತೂಕ, ಬಿಗುವು, ಮತ್ತು ಒಳಗೆ ಕಂಪನ ನುಂಗುವ ಚಾಳಿ. ತೂಕದ ಲೆಕ್ಕ ಸುಲಭ. ಒಂದು ಪೂರ್ತಿ ಗಾತ್ರದ ಬ್ಲಾಕಿಗೆ 40 ಘನ ಸೆಂಟಿಮೀಟರ್ ಲೋಹ ಎಂದು ಇಟ್ಟುಕೊಳ್ಳಿ. ಉಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 7.85 ಗ್ರಾಂ, ಅಲ್ಲಿಗೆ 314 ಗ್ರಾಂ. ಹಿತ್ತಾಳೆ ಸುಮಾರು 8.5, ಅಂದರೆ 340. ಎರಕದ ಸತು 6.6, ಅಂದರೆ 264. ಟೈಟಾನಿಯಂ 4.5, ಅಂದರೆ 180. ಅಲ್ಯೂಮಿನಿಯಂ 2.7, ಬರೀ 108 ಗ್ರಾಂ. ಬಿಗುವಿನಲ್ಲಿ ಉಕ್ಕೇ ಮುಂದೆ. ಹಿತ್ತಾಳೆಯದು ಉಕ್ಕಿನ ಅರ್ಧ, ಅಲ್ಯೂಮಿನಿಯಮಿನದು ಮೂರನೇ ಒಂದು ಭಾಗ.

ಈ ಲೆಕ್ಕವನ್ನು ನೋಡಿದಾಗ ನನಗೆ ಒಂದು ಮಾತು ಹೊಳೆಯಿತು. ಪೂರ್ತಿ ಗಾತ್ರದ ಸತುವಿಗೂ ಉಕ್ಕಿಗೂ 50 ಗ್ರಾಂ ಅಂತರ, ಅದೇನು ದೊಡ್ಡದಲ್ಲ. ಆದರೆ ಅಗ್ಗದ ಗಿಟಾರಿನ ಸತುವಿನ ಬ್ಲಾಕ್ ಪೂರ್ತಿ ಗಾತ್ರದ್ದೇ ಅಲ್ಲ. ನನ್ನದರ ದಪ್ಪ 10 ಮಿಲಿಮೀಟರ್. ಹಳೆಯ ಉಕ್ಕಿನ ಬ್ಲಾಕುಗಳು 16 ಮಿಲಿಮೀಟರಿನ ಹತ್ತಿರ ಇರುತ್ತಿದ್ದವು. ಅಬ್ಬಾ ಅವರ ಅಂಗಡಿಯ ತಕ್ಕಡಿಯಲ್ಲಿ ನನ್ನದು 150 ಗ್ರಾಂ ತೂಗಿತು. ಜಾಹೀರಾತುಗಳು ಲೋಹದ ಹೆಸರನ್ನೇ ದೊಡ್ಡ ಅಕ್ಷರದಲ್ಲಿ ಹಾಕುತ್ತವೆ, ಆದರೆ ಬದಲಾಯಿಸಿದಾಗ ನಮಗೆ ಸಿಗುವ ವ್ಯತ್ಯಾಸದಲ್ಲಿ ದೊಡ್ಡ ಪಾಲು ಲೋಹದ ಜಾತಿಯದ್ದಲ್ಲ, ತೂಕದ್ದು. ತೆಳ್ಳನೆಯ ಹಿತ್ತಾಳೆ ತುಂಡಿಗೆ ದುಡ್ಡು ಕೊಡುವುದಕ್ಕಿಂತ ದಪ್ಪನೆಯ ಸಾದಾ ಉಕ್ಕು ಮೇಲು.

ನುಡಿಸುವವರ ಬಾಯಲ್ಲಿ ಪ್ರತಿ ಲೋಹಕ್ಕೂ ಒಂದು ಗುಣ ಇದೆ. ಉಕ್ಕು ಸ್ಪಷ್ಟ, ಹೊಳಪು. ಹಿತ್ತಾಳೆ ಬೆಚ್ಚಗೆ, ದುಂಡಗೆ. ಸತು ಮಂಕು. ಇದರಲ್ಲಿ ಸತುವಿನ ಮಾತಿಗೆ ಆಧಾರ ಇದೆ, ಸತುವಿನ ಮಿಶ್ರಲೋಹ ಉಕ್ಕಿಗಿಂತ ಹೆಚ್ಚು ಕಂಪನ ನುಂಗುತ್ತದೆ. ಹಿತ್ತಾಳೆಯ ಬೆಚ್ಚಗಿನ ನಾದದ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಚಿನ್ನದ ಬಣ್ಣ ನೋಡಿದರೆ ಕಿವಿಗೂ ಬೆಚ್ಚಗಾಗುತ್ತದೆ ಎಂದು ನನ್ನ ಅನುಮಾನ. ಅಲ್ಯೂಮಿನಿಯಂ, ಟೈಟಾನಿಯಂ ನಮ್ಮ ಜೇಬಿನ ವಿಷಯ ಅಲ್ಲ, ಬಿಡಿ.

ಕಿವಿ ಮೋಸ ಹೋಗಲು ಇನ್ನೊಂದು ದಾರಿಯೂ ಇದೆ. ಬ್ಲಾಕ್ ಬದಲಾಯಿಸಬೇಕಾದರೆ ಹಳೆಯ ತಂತಿ ತೆಗೆಯಲೇಬೇಕು. ಸಾಮಾನ್ಯವಾಗಿ ಹೊಸ ಬ್ಲಾಕಿನ ಜೊತೆ ಹೊಸ ತಂತಿ ಹಾಕುತ್ತಾರೆ, ಹೊಸ ತಂತಿ ಯಾವತ್ತೂ ಹೊಳೆಯುವ ನಾದವನ್ನೇ ಕೊಡುತ್ತದೆ. ಆಮೇಲೆ ಹೊಗಳಿಕೆ ಎಲ್ಲ ಬ್ಲಾಕಿಗೆ! ಜಮಾ ಖರ್ಚಿನಲ್ಲಿ ಒಬ್ಬರ ಹಣವನ್ನು ಇನ್ನೊಬ್ಬರ ಖಾತೆಗೆ ಹಾಕಿದಂತೆ. ಆದ್ದರಿಂದ ನಾನು ಒಂದೇ ಕಂಪನಿಯ ಎರಡು ಹೊಸ ಸೆಟ್ ತಂದೆ. ಮೊದಲನೆಯದನ್ನು ಹಳೆಯ ಬ್ಲಾಕಿನಲ್ಲೇ ಹಾಕಿ, ಪ್ರತಿ ತಂತಿಯನ್ನು ಮೀಟಿ ಸದ್ದು ಪೂರ್ತಿ ನಿಲ್ಲುವವರೆಗೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದೆ. ಆಂಪಿನ ಗುಂಡಿಗಳನ್ನು ಎಲ್ಲಿಟ್ಟಿದ್ದೆ ಎಂದು ಚೀಟಿಯಲ್ಲಿ ಬರೆದಿಟ್ಟೆ.

ಆಮೇಲೆ ಹರಿಹರದ ಕೆಲಸ. ಮಾಮು ಅವರ ಬಳಿ ಎಂಎಸ್ ಫ್ಲಾಟಿನ ಉಳಿಕೆ ತುಂಡು ಇತ್ತು. ಹಳೆಯ ಬ್ಲಾಕಿನ ಪ್ರತಿ ರಂಧ್ರವನ್ನು ನಾನಾ ವರ್ನಿಯರ್ ಹಿಡಿದು ಅಳೆದು ಕಾಗದದ ಮೇಲೆ ಬರೆದರು. ಇಲ್ಲೇ ಆನ್‌ಲೈನಿನಲ್ಲಿ ಕೊಳ್ಳುವವರು ಎಚ್ಚರ ವಹಿಸಬೇಕಾದದ್ದು. ಸ್ಟ್ರಾಟ್ ಮಾದರಿ ಎಂದರೆ ಎಲ್ಲವೂ ಒಂದೇ ಅಳತೆ ಅಲ್ಲ. ಮೊದಲ ತಂತಿಯಿಂದ ಆರನೆಯದರ ಅಂತರ ಹಳೆಯ ಅಮೆರಿಕನ್ ಮಾದರಿಯಲ್ಲಿ 56 ಮಿಲಿಮೀಟರ್, ಬೇರೆ ಎಷ್ಟೋ ಗಿಟಾರುಗಳಲ್ಲಿ 52.5ರ ಹತ್ತಿರ. ತಟ್ಟೆಗೆ ಬಿಗಿಯುವ ಮೂರು ಸ್ಕ್ರೂಗಳ ಜಾಗ ಬೇರೆ. ಕಡ್ಡಿಯ ಮರೆ ಅಮೆರಿಕದಲ್ಲಿ ಇಂಚಿನ ಲೆಕ್ಕದ್ದು, ಏಷ್ಯಾದಲ್ಲಿ ತಯಾರಾದದ್ದರಲ್ಲಿ ಹೆಚ್ಚಾಗಿ ಮಿಲಿಮೀಟರಿನದು. ಅಗ್ಗದ ಗಿಟಾರುಗಳ ಮೈ ತೆಳುವಾಗಿದ್ದರೆ ಪೂರ್ತಿ ಎತ್ತರದ ಬ್ಲಾಕ್ ಬೆನ್ನಿನಿಂದ ಹೊರಗೆ ಚಾಚಿ ನಿಲ್ಲುತ್ತದೆ, ಮುಚ್ಚಳ ಕೂರುವುದಿಲ್ಲ. ದಪ್ಪ ಹೆಚ್ಚಿಸಿದರೆ ಕಡ್ಡಿ ಒತ್ತಿದಾಗ ಗೂಡಿನ ಮರಕ್ಕೆ ತಾಗಬಹುದು. ಮಾಮು ಮೊದಲು ರಟ್ಟಿನಲ್ಲಿ 16 ಮಿಲಿಮೀಟರ್ ದಪ್ಪದ ಮಾದರಿ ಮಾಡಿ ಗೂಡಿನೊಳಗೆ ತೂರಿಸಿ ಆಡಿಸಿ ನೋಡಿದರು. ಎತ್ತರ ಹಳೆಯದರಷ್ಟೇ ಇಟ್ಟು, ಮುಂದಿನ ಕೆಳ ಅಂಚನ್ನು ಸ್ವಲ್ಪ ಓರೆಯಾಗಿ ತೆಗೆಯಬೇಕು ಎಂದು ತೀರ್ಮಾನವಾಯಿತು.

ಮಿಲ್ಲಿಂಗ್ ಮೆಷಿನ್ನಿನಲ್ಲಿ ಆರು ಮುಖ ನಯ ಮಾಡಲು ಹೊತ್ತು ಹಿಡಿಯಲಿಲ್ಲ. ಕಷ್ಟದ್ದು ತಂತಿಯ ರಂಧ್ರ. ಅದು ಕೆಳಗೆ ಅಗಲ, ಮೇಲೆ ಕಿರಿದು. ಅಗಲದಿಂದ ಕಿರಿದಾಗುವ ಮೆಟ್ಟಿಲಿನ ಮೇಲೆ ತಂತಿಯ ಗುಂಡು ಕೂರುತ್ತದೆ. ಆರೂ ರಂಧ್ರಗಳಲ್ಲಿ ಈ ಮೆಟ್ಟಿಲು ಒಂದೇ ಆಳದಲ್ಲಿ ಇರಬೇಕು, ಗುಂಡು ಅಲುಗದೆ ಕೂರಬೇಕು. ಬ್ಲಾಕಿನ ಮೇಲ್ಮುಖ ತಟ್ಟೆಯ ಅಡಿಗೆ ಪೂರ್ತಿ ತಾಗಬೇಕು. ಮಾಮು ಮೇಲ್ಮುಖಕ್ಕೆ ನೀಲಿ ಬಣ್ಣ ಸವರಿ, ತಟ್ಟೆಗೆ ಒತ್ತಿ, ಎಲ್ಲಿ ತಾಗಿಲ್ಲ ಎಂದು ನೋಡಿ ಉಜ್ಜಿದರು. ನಡುವೆ ಸಂದು ಬಿಟ್ಟರೆ ಯಾವ ಲೋಹವಾದರೂ ವ್ಯರ್ಥ, ಕಂಪನ ಆ ಸಂದಿನಲ್ಲೇ ಸಾಯುತ್ತದೆ. ದುಬಾರಿ ಬ್ಲಾಕ್ ಹಾಕಿಸಿಯೂ ಏನೂ ಆಗಲಿಲ್ಲ ಎನ್ನುವವರು ಮೊದಲು ಆ ಮೂರು ಸ್ಕ್ರೂಗಳ ಬಿಗಿ ನೋಡಬೇಕು.

ಹೊಸ ಬ್ಲಾಕ್ 280 ಗ್ರಾಂ ತೂಗಿತು. ಎರಡನೇ ಸೆಟ್ ತಂತಿ ಹಾಕಿ, ಅದೇ ಚೀಟಿ ನೋಡಿ ಆಂಪಿನ ಗುಂಡಿಗಳನ್ನು ಅದೇ ಜಾಗದಲ್ಲಿಟ್ಟು ಮತ್ತೆ ರೆಕಾರ್ಡ್ ಮಾಡಿದೆ. ಚಾಚಾ ಅವರ ಮಗ ಮತ್ತು ಇಬ್ಬರು ಸಹಪಾಠಿಗಳಿಗೆ ಯಾವುದು ಯಾವುದೆಂದು ಹೇಳದೆ, ಹಿಂದು ಮುಂದು ಮಾಡಿ ಕೇಳಿಸಿದೆ. ಒಂದೊಂದೇ ತಂತಿಯನ್ನು ಮೀಟಿ ಬಿಟ್ಟಾಗ ಉಕ್ಕಿನದು ಹೆಚ್ಚು ಹೊತ್ತು ನಿಲ್ಲುತ್ತದೆ ಎಂಬುದನ್ನು ಮೂವರೂ ಗುರುತಿಸಿದರು, ದಪ್ಪ ತಂತಿಗಳಲ್ಲಿ ಬೇಗ, ತೆಳು ತಂತಿಗಳಲ್ಲಿ ತಡವರಿಸುತ್ತಾ. ಪೂರ್ತಿ ಸ್ವರಮೇಳ ಬಾರಿಸಿದಾಗ ಊಹೆ ಮಾಡಿದರು ಅಷ್ಟೇ. ಡಿಸ್ಟಾರ್ಷನ್ ಹಾಕಿ ಜೋರಾಗಿ ನುಡಿಸಿದ್ದರಲ್ಲಿ ನನಗೇ ವ್ಯತ್ಯಾಸ ತಿಳಿಯಲಿಲ್ಲ. ಕಡ್ಡಿಯ ಹಿಡಿತ ಮಾತ್ರ ಬದಲಾಗಿದೆ, ಬಿಟ್ಟಾಗ ಮೊದಲಿನಂತೆ ತಟತಟ ನಡುಗದೆ ನಿಧಾನಕ್ಕೆ ನಿಲ್ಲುತ್ತದೆ. ಭಾರ ಹೆಚ್ಚಾದರೆ ಹಾಗೇ ಆಗಬೇಕು.

ಅಬ್ಬಾ ಕೇಳಿದ ಕಾಗದ ಹೀಗಿದೆ. ಉಕ್ಕಿನ ತುಂಡು ಮುನ್ನೂರು ಚಿಲ್ಲರೆ ಗ್ರಾಂ, ಕಿಲೋಗೆ ನೂರು ರೂಪಾಯಿಯ ಒಳಗಿನ ಸಾಮಾನು. ಮಾಮು ಮಜೂರಿ ಮುಟ್ಟಲಿಲ್ಲ, ಆದರೆ ಮನೆಯವರು ಬಿಟ್ಟುಕೊಟ್ಟರು ಎಂದು ವೆಚ್ಚ ಸೊನ್ನೆ ಆಗುವುದಿಲ್ಲ. ಹೊರಗಿನ ಗಿರಾಕಿಗೆ ಎಷ್ಟು ಹೇಳುತ್ತಿದ್ದಿರಿ ಎಂದು ಕೇಳಿ 700 ಎಂದು ಬರೆದೆ. ತಂತಿಯ ಎರಡು ಸೆಟ್ಟು ಬೇರೆ, ಅದು ಹೇಗೂ ಬೇಕಿತ್ತು. ಅಬ್ಬಾ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಬಸ್ ಚಾರ್ಜ್ ಎಲ್ಲಿ ಎಂದು ಕೇಳಿದರು. ಸೇರಿಸಿದೆ. ಆದರೂ ಸಾವಿರ ದಾಟಲಿಲ್ಲ.

ಗಿಟಾರ್ ಇರುವ ಗೆಳೆಯರು ಬ್ಲಾಕಿಗೆ ಕೈ ಹಾಕುವ ಮೊದಲು ಹಳೆಯ ತಂತಿ ಬದಲಾಯಿಸಿ. ತಂತಿ ಪಿಕಪ್ಪಿಗೆ ತೀರಾ ಹತ್ತಿರ ಇದ್ದರೆ ಅಯಸ್ಕಾಂತವೇ ಅದನ್ನು ಎಳೆದು ನಾದ ಕೆಡಿಸುತ್ತದೆ, ಸ್ಕ್ರೂ ತಿರುಗಿಸಿ ಪಿಕಪ್ ತಗ್ಗಿಸಿ. ಇದಕ್ಕೆ ಖರ್ಚೇ ಇಲ್ಲ. ಶ್ರುತಿ ನಿಲ್ಲುವುದಿಲ್ಲ ಎಂಬುದು ನಿಮ್ಮ ತೊಂದರೆಯಾದರೆ ಬ್ಲಾಕ್ ಅದನ್ನು ಸರಿ ಮಾಡುವುದಿಲ್ಲ. ಹೆಚ್ಚಾಗಿ ತಂತಿ ಸಿಕ್ಕಿಕೊಳ್ಳುವುದು ಗಿಟಾರಿನ ಕುತ್ತಿಗೆಯ ತುದಿಯಲ್ಲಿರುವ ನಟ್ಟಿನ ಸೀಳಿನಲ್ಲಿ. ಅಲ್ಲಿ ಪೆನ್ಸಿಲ್ ಉಜ್ಜಿದರೆ ಸಾಕು, ಬೀಡಿನಲ್ಲಿ ಸದ್ದು ನುಂಗಿದ ಅದೇ ಗ್ರಾಫೈಟ್ ಇಲ್ಲಿ ಎಣ್ಣೆಯ ಕೆಲಸ ಮಾಡುತ್ತದೆ.

ಇಷ್ಟಾದ ಮೇಲೂ ಉಕ್ಕಿನ ಬ್ಲಾಕ್ ಮಾಡಿಸುವವರಿಗೆ ಎರಡು ಮಾತು. ರಂಧ್ರದ ಅಂಚಿನಲ್ಲಿ ಚೂಪು ಉಳಿದರೆ ತಂತಿ ಅಲ್ಲೇ ತುಂಡಾಗುತ್ತದೆ, ದೊಡ್ಡ ಡ್ರಿಲ್ಲಿನ ಮೂತಿ ತಾಗಿಸಿ ಅಂಚು ಮುರಿಸಿ. ಬೆವರಿಗೆ ಉಕ್ಕು ತುಕ್ಕು ಹಿಡಿಯುವುದರಿಂದ ಬಣ್ಣ ಹೊಡೆಸಬೇಕು, ಆದರೆ ಸ್ಪ್ರಿಂಗ್ ಕೂರುವ ಐದು ರಂಧ್ರ, ತಂತಿಯ ರಂಧ್ರಗಳ ಒಳಭಾಗ ಮತ್ತು ತಟ್ಟೆಗೆ ತಾಗುವ ಮುಖಕ್ಕೆ ಬಣ್ಣ ತಾಗಬಾರದು. ತಂತಿಗಳ ಅರ್ಥಿಂಗ್ ಹೋಗುವುದು ಬ್ಲಾಕ್ ಮತ್ತು ಸ್ಪ್ರಿಂಗುಗಳ ಮೂಲಕವೇ, ಬಣ್ಣ ಅಡ್ಡ ಬಂದರೆ ಆಂಪ್ ಗುಂಯ್ ಎನ್ನಲು ಶುರು ಮಾಡುತ್ತದೆ. ನಾನಾ ಬರೆದ ಅಳತೆಯ ಕಾಗದ ನನ್ನ ಬಳಿ ಇದೆ, ಬೇಕಾದವರು ಝೆರಾಕ್ಸ್ ಮಾಡಿಸಿಕೊಳ್ಳಬಹುದು. ಆದರೆ ಅದು ನನ್ನ ಗಿಟಾರಿನ ಅಳತೆ. ನಿಮ್ಮದರ ಮುಚ್ಚಳ ಬಿಚ್ಚಿ, ವರ್ನಿಯರ್ ಹಿಡಿದು ನೀವೇ ಅಳೆಯಬೇಕು. ವರ್ನಿಯರ್ ಇಲ್ಲದವರು ಭೌತಶಾಸ್ತ್ರದ ಲ್ಯಾಬಿನಲ್ಲಿ ಕೇಳಿ, ಸಂಜೆ ನಾಲ್ಕರ ನಂತರ ಕೊಡುತ್ತಾರೆ.